ಒಂದು ಗೆರೆ ಹೆಚ್ಚು

ನಾಣ್ಯದ ಮೇಲಿನ ಗೆರೆ ಎಣಿಸುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಮೊನ್ನೆ ಆದವಾನಿ ಬಸ್ ಸ್ಟ್ಯಾಂಡಿನ ಮುಂದೆ ಇಳಿದು ಆಟೊದವನಿಗೆ ಕೊಡಬೇಕಾದ್ದನ್ನು ಕೊಟ್ಟೆ. ಅದರಲ್ಲಿ ಹತ್ತು ರೂಪಾಯಿಯ ಒಂದು ಬಿಲ್ಲೆ ಇತ್ತು. ಅವನು ಅದನ್ನು ಬಿಸಿಲಿಗೆ ಹಿಡಿದು, ಅಂಚಿನಲ್ಲಿ ಕಿರಣದ ಹಾಗೆ ಹರಡಿಕೊಂಡಿರುವ ಗೆರೆಗಳನ್ನು ಉಗುರಿನಿಂದ ಒಂದೊಂದಾಗಿ ಮುಟ್ಟುತ್ತ ತುಟಿ ಅಲ್ಲಾಡಿಸಿದ.

"ಇದಿ ಚೆಲ್ಲದು ಮೇಡಂ, ನಡಿಯಂಗಿಲ್ಲ. ಹದಿನೈದು ಗೆರಿ ಅದಾವ. ಹತ್ತು ಗೆರಿದು ಇದ್ರ ಕೊಡ್ರಿ. ಇದು ಖೋಟಾ ಐತಿ, ಯಾರೂ ತಗಳಂಗಿಲ್ಲ."

ಹತ್ತು ಗೆರೆಯದೂ ಸರ್ಕಾರದ್ದೇ, ಹದಿನೈದು ಗೆರೆಯದೂ ಸರ್ಕಾರದ್ದೇ. ಬ್ಯಾಂಕಿನವರು ಹೇಳಿ ಹೇಳಿ ಬಾಯಿ ನೋಯಿಸಿಕೊಂಡಿದ್ದಾರೆ. ಆದರೆ ನಮ್ಮ ಊರಿನ ಜನರಿಗೆ ತಾವೇ ಎಣಿಸಿದ್ದು ಮಾತ್ರ ನಿಜ.

"ಗೆರಿ ಎಣಿಸೂದು ನನಗ ಕಲಿಸಬ್ಯಾಡಪ್ಪ! ನೀ ಹುಟ್ಟೂಕ ಮುಂಚೇನ ಎಣಿಸಿ ಎಣಿಸಿ ಕಣ್ಣು ಕಳಕೊಂಡೀನಿ. ತಗೊಂತಿಯೋ, ಪೊಲೀಸ್ನರ ಹತ್ರ ಹೋಗೂಣೋ?"

ಸುತ್ತಲಿನವರು ತಿರುಗಿ ನೋಡುವಷ್ಟು ಜೋರಾಗಿ ಕೂಗಿದ್ದೆ. ಪಾಪ, ಅವನು ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡು ಹೊರಟೇಬಿಟ್ಟ. ಅವನ ಮೇಲಲ್ಲ ನನ್ನ ಸಿಟ್ಟು. ನನ್ನ ಕೈಚೀಲದಲ್ಲಿ ಇನ್ನೊಂದು ಬಿಲ್ಲೆ ಇತ್ತು, ಇಪ್ಪತ್ತು ಪೈಸೆಯದು, ಈಗ ಎಲ್ಲೂ ಓಡದಂಥದ್ದು. ಅದನ್ನು ನಾಗಲದಿನ್ನೆಯಲ್ಲಿರುವ ನನ್ನ ಸೋದರತ್ತೆಗೆ ಕೊಡಲು ಹೊರಟಿದ್ದೆ. ನಮ್ಮ ಮನೆ ಒಡೆದದ್ದು ಆ ಬಿಲ್ಲೆಯಿಂದ.

ನಮ್ಮ ಮನೆ ಇದ್ದದ್ದು ಹತ್ತಿ ಜಿನ್ನುಗಳ ಹಿಂದಿನ ಓಣಿಯಲ್ಲಿ. ಮೂರು ಕೋಣೆ, ಮೇಲೆ ಮಣ್ಣಿನ ಮಾಳಿಗೆ. ಹಂಗಾಮು ಶುರುವಾದರೆ ಹತ್ತಿಯ ಧೂಳು ಕಿಟಕಿ ಮುಚ್ಚಿದರೂ ಒಳಗೆ ಬಂದು ಹಾಸಿಗೆ, ಹಿಟ್ಟಿನ ಡಬ್ಬಿ, ದೇವರ ಪಟ ಎಲ್ಲದರ ಮೇಲೂ ಕೂರುತ್ತಿತ್ತು. ಅಪ್ಪ ಹತ್ತಿಯ ಎಳೆ ನೋಡುವವನು. ಮಾರ್ಕೆಟ್ಟಿಗೆ ಬಂದ ಚೀಲದಿಂದ ಒಂದು ಚಿಟಿಕೆ ಕಿತ್ತು, ಎರಡು ಹೆಬ್ಬೆರಳುಗಳ ನಡುವೆ ಎಳೆದು, ಎಳೆ ಉದ್ದವೋ ಗಿಡ್ಡವೋ ಅಲ್ಲೇ ಹೇಳಿಬಿಡುತ್ತಿದ್ದ. ಅವನ ಮಾತಿನ ಮೇಲೆ ದರ ನಿಲ್ಲುತ್ತಿತ್ತು. ಆ ಸೊಕ್ಕನ್ನು ಅವನು ಮಾರ್ಕೆಟ್ಟಿನಲ್ಲಿ ಬಿಟ್ಟು ಬರುತ್ತಿರಲಿಲ್ಲ. ಮನೆಯಲ್ಲೂ ಅನ್ನ ಬೆಂದಿದೆಯೋ ಇಲ್ಲವೋ, ಅವ್ವ ಹೇಳಿದ್ದು ನಿಜವೋ ಸುಳ್ಳೋ, ನನ್ನ ತಲೆಯಲ್ಲಿ ಬುದ್ಧಿ ಇದೆಯೋ ಇಲ್ಲವೋ, ಎಲ್ಲವನ್ನೂ ಹೆಬ್ಬೆರಳಲ್ಲಿ ಎಳೆದು ನೋಡಿದವನಂತೆ ತೀರ್ಪು ಕೊಡುತ್ತಿದ್ದ. ನಾವು ಅವನಿಗೆ ಹೆದರುತ್ತಿದ್ದೆವು. ಪ್ರೀತಿಸುತ್ತಿದ್ದೆವೋ ಇಲ್ಲವೋ ಎಂದು ಕೇಳಿಕೊಳ್ಳಲು ಪುರುಸೊತ್ತಿರಲಿಲ್ಲ.

ಅವನಿಗೆ ಇದ್ದ ಒಂದೇ ಚಟ ನಾಣ್ಯ. ಅದರಲ್ಲೂ ಸೂರ್ಯ ಇರುವ ನಾಣ್ಯ. ಇಂದೂರು ಸಂಸ್ಥಾನದ ಹಳೆಯ ತಾಮ್ರದ ನಾಣ್ಯವೊಂದು ಅವನ ಹತ್ತಿರ ಇತ್ತು. ಅದರ ಮೇಲೆ ಮನುಷ್ಯನ ಮುಖದ ಸೂರ್ಯ, ಸುತ್ತಲೂ ಮುಳ್ಳಿನಂಥ ಕಿರಣ. ಅದನ್ನು ನಮಗೆ ಮುಟ್ಟಲು ಕೊಡುತ್ತಿರಲಿಲ್ಲ. ಆದರೆ ಅವನನ್ನು ನಿಜವಾಗಿ ಕೆಡಿಸಿದ್ದು ಹಳದಿ ಇಪ್ಪತ್ತು ಪೈಸೆ. ನನ್ನ ವಯಸ್ಸಿನವರಿಗೆ ನೆನಪಿರುತ್ತದೆ: ಒಂದು ಬಗೆಯದರ ಮೇಲೆ ಬರೀ ಕಮಲ, ಇನ್ನೊಂದು ಬಗೆಯದರ ಮೇಲೆ ಕಮಲದ ನೆತ್ತಿಗೆ ಸೂರ್ಯ. ಆ ಸೂರ್ಯನ ಕಿರಣಗಳನ್ನು ಮನೆಯಲ್ಲಿ ಗೆರೆ ಎನ್ನುತ್ತಿದ್ದೆವು. ಅಚ್ಚು ಹೊಸದಿದ್ದರೆ ಗೆರೆ ಚೂಪು, ಸವೆದಿದ್ದರೆ ಮಸುಕು. ಕೆಲವದರಲ್ಲಿ ದಪ್ಪ, ಕೆಲವದರಲ್ಲಿ ಕೂದಲಷ್ಟು ಸಣ್ಣ. ಹೀಗೆ ನಾಣ್ಯ ಕೂಡಿಸುವ ಇನ್ನೊಬ್ಬ ಯಾರೋ ಅಪ್ಪನಿಗೆ ಕಾಗದ ಬರೆದಿದ್ದನಂತೆ, ಒಂದು ಗೆರೆ ಹೆಚ್ಚಿರುವ ಅಚ್ಚೂ ಇದೆ, ಬಹಳ ಕಡಿಮೆ ಜನ ಕಂಡಿದ್ದಾರೆ ಎಂದು. ಆ ಕಾಗದ ಬರೆದ ಪುಣ್ಯಾತ್ಮ ಸಿಕ್ಕಿದ್ದರೆ ನಾನು ಸುಮ್ಮನೆ ಬಿಡುತ್ತಿರಲಿಲ್ಲ. ಸರಿಯಾದದ್ದರಲ್ಲಿ ಗೆರೆ ಎಷ್ಟಿರಬೇಕು ಎಂದು ಮಾತ್ರ ಕೇಳಬೇಡಿ. ಆ ಸಂಖ್ಯೆಯನ್ನು ಬಾಯಿಂದ ಆಡಿದರೆ ನನಗೆ ಇವತ್ತಿಗೂ ತಲೆ ಸಿಡಿಯುತ್ತದೆ.

ಅಪ್ಪನ ಕಣ್ಣು ಸಣ್ಣ ವಯಸ್ಸಿಗೇ ಮಂಜಾಗಿತ್ತು. ಹತ್ತಿಗೆ ಬೆರಳು ಸಾಕು, ಗೆರೆಗೆ ಕಣ್ಣು ಬೇಕು. ಹಾಗಾಗಿ ಭಾನುವಾರ ನನ್ನ ಪಾಲಿಗೆ ಇರಲಿಲ್ಲ. ಬೆಳಿಗ್ಗೆ ಉಗ್ಗಾಣಿ ತಿಂದ ಕೈ ತೊಳೆಯುವುದರೊಳಗೆ ಮಾಳಿಗೆಯ ಮೇಲೆ ಚಾಪೆ ಬಿದ್ದಿರುತ್ತಿತ್ತು. ವಾರವಿಡೀ ಅವನು ಅಂಗಡಿ ಅಂಗಡಿಗಳಿಂದ ಆರಿಸಿ ತಂದ ಬಿಲ್ಲೆಗಳ ರಾಶಿ, ಒಂದು ಭೂತಗನ್ನಡಿ, ಪಕ್ಕದಲ್ಲಿ ಅವನು. ನೆರಳಲ್ಲಿ ಕೂತರೆ ಗೆರೆ ಕಾಣುವುದಿಲ್ಲ, ಬಿಸಿಲು ಓರೆಯಾಗಿ ಬಿದ್ದಾಗಲೇ ಒಂದೊಂದೂ ಎದ್ದು ನಿಲ್ಲುತ್ತದೆ ಎಂದು ನನ್ನನ್ನು ಬಿಸಿಲಿಗೇ ಕೂರಿಸುತ್ತಿದ್ದ. ಒಂದೇ ಬಿಲ್ಲೆಯನ್ನು ಮಾತಾಡದೆ ಎರಡು ಸಲ ಕೊಡುತ್ತಿದ್ದ. ಎರಡು ಸಲವೂ ಒಂದೇ ಲೆಕ್ಕ ಬರದಿದ್ದರೆ ಬೆನ್ನಿಗೆ ಗುದ್ದು. ಓಣಿಯ ಹುಡುಗಿಯರು ಕೆಳಗೆ ಕುಂಟಾಬಿಲ್ಲೆ ಆಡುವ ಸದ್ದು ಕೇಳುತ್ತಿತ್ತು. ಎದ್ದರೆ ಕೂಗು.

"ಕುಂದ್ರು! ಆ ಹೆಚ್ಚಿನ ಗೆರಿದು ಸಿಕ್ಕ ದಿನ ನಿನಗ ರಜಾ. ಅಲ್ಲೀತನಕ ಇಲ್ಲೇ."

ಈ ಮಾತನ್ನು ಅವನು ಎಷ್ಟು ಸಲ ಆಡಿದನೋ ಅವನಿಗೇ ನೆನಪಿರಲಿಕ್ಕಿಲ್ಲ. ನನಗಿತ್ತು.

ಆ ಮನೆಯಲ್ಲಿ ಇನ್ನೊಬ್ಬಳು ಇದ್ದಳು, ಅತ್ತೆ, ಅಪ್ಪನ ಅಕ್ಕ. ತುಂಗಭದ್ರೆಯ ದಂಡೆಯ ನಾಗಲದಿನ್ನೆಗೆ ಅವಳನ್ನು ಕೊಟ್ಟಿತ್ತು. ಗಂಡನ್ನು ಹುಡುಕಿ ತಂದವನು ಅಪ್ಪನೇ. ಮಕ್ಕಳಾಗಲಿಲ್ಲವೆಂದು ಆ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಬಂದ ವಾರವೇ ಅತ್ತೆ ಒಂದು ಟ್ರಂಕು, ಒಂದು ಹಿತ್ತಾಳೆ ಡಬ್ಬಿ ಹಿಡಿದು ನಮ್ಮ ಮನೆಗೆ ಬಂದಳು. ಬಂದ ದಿನದಿಂದ ಅಪ್ಪನ ಜೊತೆ ನೇರವಾಗಿ ಒಂದು ಮಾತೂ ಆಡಲಿಲ್ಲ. ಅಪ್ಪನೂ ಆಡಲಿಲ್ಲ. ಇಬ್ಬರೂ ಒಂದೇ ಪಡಸಾಲೆಯಲ್ಲಿ ಎದುರು ಬದುರು ಕೂತು, ನಡುವೆ ನನ್ನನ್ನು ನಿಲ್ಲಿಸಿಕೊಂಡು ಬೈದಾಡುತ್ತಿದ್ದರು.

"ನಿಮ್ಮಪ್ಪಗ ಹೇಳು, ಎಳಿ ನೋಡಿ ಹತ್ತಿ ಆರಿಸೋನಿಗೆ ಅಕ್ಕಗ ಗಂಡು ಆರಿಸೂಕ ಬರಲಿಲ್ಲ ಅಂತ."

"ನಿಮ್ಮತ್ತಿಗೆ ಹೇಳು, ತಿನ್ನೂ ರೊಟ್ಟಿ ಯಾರ್ದು ಅಂತ ನೋಡಿ ಮಾತಾಡು ಅಂತ."

ನಾನು ಹೇಳಬೇಕಾಗಿಯೇ ಇರಲಿಲ್ಲ, ಇಬ್ಬರಿಗೂ ಕಿವಿ ಇತ್ತು. ಆದರೂ ಹೇಳದಿದ್ದರೆ ಇಬ್ಬರೂ ನನ್ನ ಮೇಲೆ ಹರಿಹಾಯುತ್ತಿದ್ದರು. ಅವ್ವ ಒಲೆಯ ಮುಂದಿನಿಂದ ಏಳುತ್ತಿರಲಿಲ್ಲ. ರೊಟ್ಟಿ ಬಡಿಯುವ ಸದ್ದನ್ನು ಜೋರು ಮಾಡುವುದೇ ಅವಳು ಆ ಜಗಳದಲ್ಲಿ ಆಡುತ್ತಿದ್ದ ಮಾತು. ಬೇರೆಯವರ ಸಿಟ್ಟನ್ನು ನನ್ನ ಬಾಯಿಂದ ಆಡಿ ಆಡಿ, ನನ್ನದು ಯಾವುದು ಅವರದು ಯಾವುದು ಎಂದು ನನಗೆ ತಿಳಿಯದೆ ಹೋಯಿತು. ಈಗಲೂ ನಾನು ಮಾತಾಡಿದರೆ ಜಗಳಕ್ಕೆ ನಿಂತಂತೆ ಇರುತ್ತದೆ ಎನ್ನುತ್ತಾರೆ ಮನೆಯವರು. ಇರಬಹುದು.

ಅತ್ತೆಯ ಹಿತ್ತಾಳೆ ಡಬ್ಬಿಯಲ್ಲಿ ನೂರೆಂಟು ಇಪ್ಪತ್ತು ಪೈಸೆಗಳಿದ್ದವು. ಎಲ್ಲವೂ ಸೂರ್ಯ ಇರುವಂಥವು. ಆಗ ಬಹಳ ಮನೆಗಳಲ್ಲಿ ಶುಕ್ರವಾರದ ಲಕ್ಷ್ಮೀಪೂಜೆಗೆ ಕಮಲದ ಬಿಲ್ಲೆ ಇಡುತ್ತಿದ್ದರು. ಅತ್ತೆ ಮಾತ್ರ ಬರೀ ಕಮಲದ್ದನ್ನು ಮುಟ್ಟುತ್ತಿರಲಿಲ್ಲ, ಸೂರ್ಯ ಇಲ್ಲದೆ ಕಮಲ ಹೇಗೆ ಅರಳುತ್ತದೆ ಎಂದು ಕೇಳುತ್ತಿದ್ದಳು. ಗಂಡನ ಮನೆಯಲ್ಲಿ ಮದುವೆಯಾದ ಹೊಸತರಿಂದ ಒಂದೊಂದಾಗಿ ಕೂಡಿಸಿ ನೂರೆಂಟು ಮಾಡಿದ್ದಳು. ಆ ಮನೆಯಿಂದ ತಂದದ್ದು ಅದೊಂದೇ. ಪ್ರತಿ ಶುಕ್ರವಾರ ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದು, ದೇವಿಯ ಒಂದೊಂದು ಹೆಸರಿಗೆ ಒಂದೊಂದನ್ನು ಪಟದ ಮುಂದೆ ಇಟ್ಟು ಕುಂಕುಮ ಹಚ್ಚುತ್ತಿದ್ದಳು. ಹುಣಸೆಹಣ್ಣು ಹಾಕಿದರೆ ನಾಣ್ಯದ ಮೈ ಹಾಳಾಗುತ್ತದೆ ಎಂದು ಅಪ್ಪ ಗೋಡೆಗೆ ಕೇಳಿಸುವಂತೆ ಗೊಣಗುತ್ತಿದ್ದ. ಅತ್ತೆ ಆ ವಾರ ಇನ್ನೂ ಗಟ್ಟಿಯಾಗಿ ತಿಕ್ಕುತ್ತಿದ್ದಳು. ನಾನು ಡಬ್ಬಿಯ ಹತ್ತಿರ ಹೋದರೆ ಕೈ ಮೇಲೆ ಏಟು.

"ಅವನ ರೊಕ್ಕ ಮುಟ್ಟಿದ ಕೈಲೆ ನನ್ನ ದೇವ್ರ ರೊಕ್ಕ ಮುಟ್ಟಬ್ಯಾಡ."

ಹನ್ನೊಂದು ವರ್ಷದ ಹುಡುಗಿಯ ತಲೆ ಹೇಗೆ ಓಡಿತೆಂದು ಈಗ ಹೇಳುತ್ತೇನೆ. ಹೆಚ್ಚಿನ ಗೆರೆ ಸಿಕ್ಕರೆ ನನಗೆ ರಜೆ. ಅಪ್ಪನ ಬಿಲ್ಲೆಗಳೆಲ್ಲ ನಾನೇ ಎಣಿಸಿದ್ದವು, ಅವುಗಳಲ್ಲಿ ಒಂದನ್ನು ತೋರಿಸಿ ಈಗ ಸಿಕ್ಕಿತು ಎಂದರೆ ಮೊದಲು ಯಾಕೆ ತಪ್ಪಿಸಿದೆ ಎಂದು ಗುದ್ದು ಬೀಳುತ್ತದೆ. ಊರಿನಲ್ಲಿ ನಾನು ಎಣಿಸದೆ ಉಳಿದಿದ್ದ ಬಿಲ್ಲೆಗಳು ಅತ್ತೆಯ ಡಬ್ಬಿಯಲ್ಲಿ ಮಾತ್ರ. ಒಂದು ಮಧ್ಯಾಹ್ನ ಅತ್ತೆ ಬೀದಿ ನಲ್ಲಿಯ ಸರದಿಗೆ ಕೊಡ ಹಿಡಿದು ಹೋದಳು, ಅವ್ವ ಮಾಳಿಗೆ ಮೇಲೆ ಮೆಣಸಿನಕಾಯಿ ಹರಡುತ್ತಿದ್ದಳು. ನಾನು ಡಬ್ಬಿಯಿಂದ ಒಂದು ಬಿಲ್ಲೆ ತೆಗೆದು, ಶಾಲೆಯ ಕೈವಾರದ ಮುಳ್ಳಿನಿಂದ ಎರಡು ಗೆರೆಗಳ ನಡುವಿನ ಬಯಲಿನಲ್ಲಿ ಒತ್ತೊತ್ತಿಗೆ ಎರಡು ಗೀರು ಎಳೆದೆ. ಒಂದೇ ಗೀರಾದರೆ ತಗ್ಗು ಕಾಣುತ್ತದೆ. ಎರಡು ಎಳೆದರೆ ನಡುವೆ ಉಳಿದದ್ದು ಉಬ್ಬಿದಂತೆ ಕಾಣುತ್ತದೆ. ಇಷ್ಟು ಬುದ್ಧಿಯನ್ನು ನನಗೆ ಕಲಿಸಿದವನು ಅಪ್ಪನೇ, ಆ ಹಾಳು ಮಾಳಿಗೆಯ ಮೇಲೆ. ಬಿಲ್ಲೆಯನ್ನು ಸೀರೆಯ ಚೂರಿನಿಂದ ಒರೆಸಿ ಇದ್ದಲ್ಲೇ ಇಟ್ಟೆ. ಮಧ್ಯೆ ಎರಡು ಶುಕ್ರವಾರ ಕಳೆಯಲು ಬಿಟ್ಟು, ಭಾನುವಾರ ಹೇಳಿದೆ.

"ಅಪ್ಪ, ಅತ್ತಿ ಡಬ್ಬ್ಯಾಗ ಒಂದೈತಿ. ಪೂಜಿ ಮುಂದ ಕುಂತಾಗ ನೋಡೀನಿ. ಒಂದು ಗೆರಿ ಜಾಸ್ತಿ ಐತಿ."

ಅಪ್ಪ ಎದ್ದು ನಿಂತ. ಅವನ ಮುಖದಲ್ಲಿ ಅಂಥ ಆಸೆಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ನನ್ನ ಲೆಕ್ಕ ಸರಳವಾಗಿತ್ತು: ಅವನು ಅದನ್ನು ಒಮ್ಮೆ ನೋಡುತ್ತಾನೆ, ಖುಷಿಯಾಗುತ್ತಾನೆ, ನಾನು ಕುಂಟಾಬಿಲ್ಲೆಗೆ ಇಳಿಯುತ್ತೇನೆ. ಅವರಿಬ್ಬರ ನಡುವೆ ಹೋಗಬೇಕಾದದ್ದು ಏನಿದ್ದರೂ ನನ್ನ ಮೇಲೆ ಹಾದೇ ಹೋಗಬೇಕು ಎನ್ನುವುದನ್ನು ಮರೆತಿದ್ದೆ.

ಎರಡು ತಿಂಗಳು ನನ್ನನ್ನು ಆ ಪಡಸಾಲೆಯಲ್ಲಿ ಓಡಾಡಿಸಿದರು. ಮೊದಲು ಅಪ್ಪ ಒಂದಕ್ಕೆ ಹತ್ತು ಬಿಲ್ಲೆ ಕೊಡುತ್ತೇನೆಂದ. ಆಮೇಲೆ ಬೆಳ್ಳಿಯ ಕುಂಕುಮದ ಬಟ್ಟಲು ಎಂದ. ಆಮೇಲೆ ಅವನ ಪ್ರಾಣವಾಗಿದ್ದ ಇಂದೂರಿನ ನಾಣ್ಯವನ್ನೇ ಬದಲಿಗೆ ಇಡುತ್ತೇನೆಂದ. ಅತ್ತೆ ಬತ್ತಿ ಹೊಸೆಯುವ ಕೈ ನಿಲ್ಲಿಸದೆ ಉತ್ತರ ಕೊಡುತ್ತಿದ್ದಳು.

"ನನ್ನ ಗಂಡನ್ನ ಮೊದಲಿದ್ದಂಗ ಮಾಡಿ ತಂದುಕೊಡು ಅಂತ ಹೇಳು. ಆವಾಗ ಬಿಲ್ಲಿ ಕೊಡ್ತೀನಿ."

"ಬರೇ ಒಂದ್ಸಲ ನೋಡ್ತೀನಿ, ಕೊಡಬ್ಯಾಡ ಅಂತ ಹೇಳು."

"ನೋಡೂಕ ಕಣ್ಣು ಎಲ್ಲದಾವ ಅಂತ ಕೇಳು."

ಹೇಳಿ ಹೇಳಿ ನನಗೆ ಜ್ವರ ಬಂತು. ಸತ್ಯ ಹೇಳಿಬಿಡಬೇಕು ಎಂದು ದಿನಕ್ಕೆ ನಾಲ್ಕು ಸಲ ಅನ್ನಿಸುತ್ತಿತ್ತು. ಅಪ್ಪನ ಕೈ ನೆನಪಾದರೆ ಬಾಯಿ ಕಟ್ಟುತ್ತಿತ್ತು. ಜ್ವರ ಬಿಟ್ಟ ವಾರ, ಅತ್ತೆ ಅವ್ವನ ಜೊತೆ ಸಂತೆಗೆ ಹೋಗಿದ್ದಾಗ ಅಪ್ಪ ನನ್ನನ್ನು ಕರೆದು ಡಬ್ಬಿಯ ಮುಂದೆ ಕೂರಿಸಿದ. ಯಾವುದು, ತೋರಿಸು ಎಂದ. ತೋರಿಸಿದೆ. ಅದನ್ನು ತೆಗೆದುಕೊಂಡು ತನ್ನ ರಾಶಿಯಿಂದ ಇನ್ನೊಂದನ್ನು ಅದರ ಜಾಗದಲ್ಲಿ ಇಟ್ಟ. ಲೆಕ್ಕ ನೂರೆಂಟೇ ಇತ್ತು. ನೂರೆಂಟು ಇದ್ದರೆ ಸಾಕು, ಅವಳಿಗೇನು ಗೊತ್ತಾಗುತ್ತದೆ ಎಂದು ಅವನು ತಿಳಿದ. ಎಳೆ ಮುಟ್ಟಿ ಹತ್ತಿ ಗುರುತಿಸುವವನಿಗೆ ತನ್ನ ಒಡಹುಟ್ಟಿದವಳ ಬೆರಳೂ ಅಂಥದ್ದೇ ಎಂದು ಹೊಳೆಯಲಿಲ್ಲ.

ಶುಕ್ರವಾರ ಪೂಜೆ ಅರ್ಧ ಆಗಿತ್ತು. ಹೆಸರು ಹೇಳುತ್ತ ಹೇಳುತ್ತ ಅತ್ತೆ ನಡುವೆಯೇ ನಿಲ್ಲಿಸಿದಳು. ಕೈಯಲ್ಲಿದ್ದ ಬಿಲ್ಲೆಯ ಮೇಲೆ ಹೆಬ್ಬೆರಳು ಆಡಿಸಿದಳು, ಮಗುಚಿ ಹಾಕಿ ಇನ್ನೊಮ್ಮೆ ಆಡಿಸಿದಳು. ಅದನ್ನು ತಟ್ಟೆಯ ಹೊರಗೆ ನೆಲದ ಮೇಲೆ ಇಟ್ಟು, ಉಳಿದ ಹೆಸರುಗಳನ್ನು ಉಳಿದ ಬಿಲ್ಲೆಗಳಿಗೆ ಹೇಳಿ ಮುಗಿಸಿ, ಮಂಗಳಾರತಿ ಮಾಡಿ ಎದ್ದಳು. ಅಪ್ಪ ಪಡಸಾಲೆಯಲ್ಲಿ ಊಟಕ್ಕೆ ಕೂತಿದ್ದ. ಅವನ ಎದುರು ಹೋಗಿ ನಿಂತಳು. ಆರು ವರ್ಷಗಳಲ್ಲಿ ಮೊದಲ ಸಲ, ನನ್ನನ್ನು ನಡುವೆ ನಿಲ್ಲಿಸದೆ, ಅವನ ಮುಖಕ್ಕೆ ಒಂದೇ ಮಾತು ಹೇಳಿದಳು.

"ಕಳ್ಳ."

ಅವತ್ತೇ ಟ್ರಂಕು ಕಟ್ಟಿದಳು. ಅವ್ವ ಕಾಲು ಹಿಡಿದುಕೊಂಡರೂ ನಿಲ್ಲಲಿಲ್ಲ. ಅವಳಿಗೆ ಹೋಗಲು ಇದ್ದ ಊರು ನಾಗಲದಿನ್ನೆ ಒಂದೇ. ಗಂಡನ ಮನೆ, ಅಲ್ಲಿ ಸವತಿ, ಸವತಿಯ ಕೂಸು. ಕದ್ದ ತಮ್ಮನ ಮನೆಯಲ್ಲಿ ಉಣ್ಣುವುದಕ್ಕಿಂತ ಸವತಿಯ ಕೈಯ ರೊಟ್ಟಿ ಲೇಸೆಂದು ಹೊರಟಳು. ನಾನು ಬಾಗಿಲಿಗೆ ಆತು ನಿಂತಿದ್ದೆ. ನನ್ನ ಕಡೆ ಒಂದು ಸಲ ನೋಡಿದಳು. ಎಲ್ಲ ಗೊತ್ತಿದ್ದವಳ ನೋಟ ಅದು ಎಂದು ನನಗೆ ಆಗ ತಿಳಿಯಲಿಲ್ಲ. ನಾನು ಒಂದು ಮಾತು ಆಡಿದ್ದರೆ ಅವಳು ಹೋಗುತ್ತಿರಲಿಲ್ಲ. ಆಡಲಿಲ್ಲ.

ಆ ಭಾನುವಾರ ಅಪ್ಪ ಬಳ್ಳಾರಿಗೆ ರೈಲು ಹತ್ತಿದ. ಅಲ್ಲಿ ನಾಣ್ಯ ಬಲ್ಲವನೊಬ್ಬನಿದ್ದ. ಸಂಜೆ ಹೊತ್ತಿಗೆ ಮುಖ ಬೂದಿ ಮಾಡಿಕೊಂಡು ಬಂದ. ಕೈಕಾಲು ತೊಳೆಯಲಿಲ್ಲ, ಚಹಾ ಬೇಡವೆಂದ. ನನ್ನನ್ನು ಕರೆದ.

"ಕೈವಾರ ತಗೊಂಬಾ."

ತಂದುಕೊಟ್ಟೆ. ಮುಳ್ಳನ್ನು ಹೆಬ್ಬೆರಳಿಗೆ ಒತ್ತಿ ನೋಡಿದ. ಹೊಡೆತ ಈಗ ಬಿತ್ತು, ಈಗ ಬಿತ್ತು ಎಂದು ನಾನು ಕಣ್ಣು ಮುಚ್ಚಿ ನಿಂತೆ. ಕೈವಾರ ನನ್ನ ಕೈಗೆ ವಾಪಸು ಬಂತು. ಅಷ್ಟೇ. ಮುಂದಿನ ಭಾನುವಾರ ಚಾಪೆ ಹಾಸಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ನನಗೆ ರಜೆ ಸಿಕ್ಕಿತ್ತು. ನನ್ನ ಕಣ್ಣನ್ನು ಅವನು ಮತ್ತೆ ಯಾವತ್ತೂ ನಂಬಲಿಲ್ಲ; ಗಡಿಯಾರ ನೋಡಿ ಹೊತ್ತೆಷ್ಟು ಎಂದು ಕೂಡ ನನ್ನನ್ನು ಕೇಳಲಿಲ್ಲ. ಅಕ್ಕನಿಗೆ ಹೇಳಿಯೂ ಕಳಿಸಲಿಲ್ಲ, ಕರೆಯಲೂ ಹೋಗಲಿಲ್ಲ. ಕದ್ದದ್ದು ಖೋಟಾ ಎಂದು ಒಪ್ಪಿಕೊಂಡರೆ ಎಳೆ ನೋಡುವವನ ಮರ್ಯಾದೆ ಏನಾಗಬೇಕು? ಹೊಡೆದಿದ್ದರೆ ಅವನನ್ನು ದ್ವೇಷಿಸಿ ಹಗುರಾಗುತ್ತಿದ್ದೆ. ಅದಕ್ಕೂ ಅವಕಾಶ ಕೊಡಲಿಲ್ಲ ಪುಣ್ಯಾತ್ಮ.

ಅಪ್ಪ ಹೋದ ವರ್ಷ ತೀರಿಕೊಂಡ. ಅವನ ತಗಡಿನ ಪೆಟ್ಟಿಗೆಯಲ್ಲಿ ಒಂದೊಂದು ನಾಣ್ಯವೂ ಒಂದೊಂದು ಕಾಗದದ ಪೊಟ್ಟಣದಲ್ಲಿತ್ತು. ಪೊಟ್ಟಣದ ಮೇಲೆ ಅವನದೇ ಅಕ್ಷರದಲ್ಲಿ ಗೆರೆಗಳ ಲೆಕ್ಕ, ನಾನು ಎಣಿಸಿ ಹೇಳಿದ್ದು. ಎಲ್ಲಕ್ಕಿಂತ ಕೆಳಗಿನ ಪೊಟ್ಟಣದ ಮೇಲೆ ಲೆಕ್ಕ ಇರಲಿಲ್ಲ. "ಖೋಟಾ. ಮನೆಯಲ್ಲೇ ತಯಾರಾದದ್ದು" ಎಂದಿತ್ತು. ಅದನ್ನು ಕಂಡು ನಕ್ಕೆ, ಆಮೇಲೆ ಹುಚ್ಚಿಯ ಹಾಗೆ ಅತ್ತುಬಿಟ್ಟೆ.

ಹೀಗೆ ನಾಗಲದಿನ್ನೆಗೆ ಹೋದದ್ದು. ಗಂಡ ಸತ್ತು ಎಷ್ಟೋ ಕಾಲವಾಗಿದೆ, ಸವತಿಯೂ ಇಲ್ಲ. ಸವತಿಯ ಮಗನ ಸಂಸಾರದಲ್ಲಿ ಅತ್ತೆ ಇದ್ದಾಳೆ. ಬೇಕೆಂದೇ ಶುಕ್ರವಾರ ಹೋಗಿದ್ದೆ. ಆ ಮನೆಯ ಸೊಸೆ ಪಟದ ಮುಂದೆ ಬಿಲ್ಲೆ ಹೊಂದಿಸುತ್ತಿದ್ದಳು, ಅತ್ತೆ ಗೋಡೆಗೆ ಒರಗಿ ಕೂತು ಹೆಸರು ಹೇಳಿಕೊಡುತ್ತಿದ್ದಳು. ಕಣ್ಣು ಪೂರ್ತಿ ಹೋಗಿದೆ. ಯಾರ ಮಗಳು ಎಂದು ಹೇಳಿ ಬಿಲ್ಲೆಯನ್ನು ಅವಳ ಅಂಗೈಗೆ ಇಟ್ಟೆ. ಹೆಬ್ಬೆರಳು ಒಂದು ಸಲ ಆಡಿತು.

"ಇದು ನೀ ಕೆರದದ್ದು."

"ಗೊತ್ತಿತ್ತಾ ಅತ್ತಿ?"

"ಮೊದಲನೇ ಶುಕ್ರಾರನ ಬೆರಳಿಗೆ ಹತ್ತಿತ್ತು."

"ಮತ್ತ ಯಾಕ ಹೇಳಲಿಲ್ಲ?"

ಅಪ್ಪ ಹೊಡೆಯುತ್ತಾನೆಂದು ನನ್ನನ್ನು ಉಳಿಸಲು ಸುಮ್ಮನಿದ್ದೆ ಎನ್ನುತ್ತಾಳೆ ಎಂದು ಕಾದೆ. ಆ ಒಂದು ಮಾತಿಗಾಗಿಯೇ ಅಲ್ಲಿಯ ತನಕ ಹೋಗಿದ್ದೆ ಎನ್ನುವುದು ಆಗ ನನಗೆ ಗೊತ್ತಾಯಿತು.

"ಹೇಳಿದ್ರ ನಿಮ್ಮಪ್ಪ ಅದರ ಆಸಿ ಬಿಡ್ತಿದ್ದ. ಹುಟ್ಟಿದಾಗಿಂದ ಅವ ನನ್ನ ಮುಂದ ಕೈಯೊಡ್ಡಿದ್ದು ಅದೊಂದ ಸಲ. ಒಡ್ಡಲಿ ಅಂತ ಬಿಟ್ಟೆ." ಬಿಲ್ಲೆಯನ್ನು ಮಗುಚಿ ಇನ್ನೊಮ್ಮೆ ಹೆಬ್ಬೆರಳು ಆಡಿಸಿದಳು. "ಕದೀತಾನ ಅಂತ ಮಾತ್ರ ಅನ್ಕಂಡಿದ್ದಿಲ್ಲ."

ಸೊಂಟದ ಸಂಚಿಯಿಂದ ಇನ್ನೊಂದು ಬಿಲ್ಲೆ ತೆಗೆದು ನನ್ನ ಕಡೆ ಚಾಚಿದಳು. ಅಪ್ಪ ಡಬ್ಬಿಯಲ್ಲಿ ಇಟ್ಟಿದ್ದ ಬದಲಿ ಬಿಲ್ಲೆ.

"ಇದು ಅವಂದು. ಒಂದು ದಿನಾನೂ ದೇವ್ರ ಮುಂದ ಇಟ್ಟಿಲ್ಲ. ನೂರಾ ಏಳೇ ಇಡಸ್ತಾ ಬಂದೀನಿ. ತಗೊಂಡು ಹೋಗು."

ತೆಗೆದುಕೊಂಡೆ. ಏಳಬೇಕೆನ್ನುವಾಗ ಕುಂಕುಮದ ಬಟ್ಟಲನ್ನು ನನ್ನ ಮುಂದಕ್ಕೆ ಸರಿಸಿ, ನಾನು ಕೆರೆದ ಬಿಲ್ಲೆಯನ್ನು ತಟ್ಟೆಯ ಅಂಚಿಗೆ ಇಟ್ಟಳು.

"ನಾ ಹಚ್ಚಂಗಿಲ್ಲ ಈಗ. ನೀ ಹಚ್ಚು. ಎಲ್ಲಿ ಕೆರದಿದ್ದಿ, ಅಲ್ಲೇ ಹಚ್ಚು."

ಬೆರಳು ಅದ್ದಿ ಹಚ್ಚಿದೆ. ಹುಣಸೆಹಣ್ಣು ಕಾಣದೆ ಕಪ್ಪಾಗಿದ್ದ ಸೂರ್ಯನ ಮೇಲಿಂದ ಕುಂಕುಮ ಉದುರಿತು. ನನ್ನ ಎರಡು ಗೀರುಗಳಲ್ಲಿ ಮಾತ್ರ ನಿಂತು ಕೆಂಪಗೆ ಕಂಡಿತು. ಸೊಸೆ ಬಿಲ್ಲೆಯನ್ನು ಪಟದ ಮುಂದೆ, ಕೊನೆಯ ಸಾಲಿನಲ್ಲಿ ಖಾಲಿ ಬಿಟ್ಟಿದ್ದ ಜಾಗಕ್ಕೆ ಸರಿಸಿದಳು. ಅತ್ತೆ ಕೈ ಚಾಚಿ, ಆ ಸಾಲನ್ನು ತುದಿಯಿಂದ ತುದಿಗೆ ಮುಟ್ಟಿ ನೋಡಿಕೊಂಡು, ಮುಖವನ್ನು ಪಟದ ಕಡೆಗೆ ತಿರುಗಿಸಿದಳು.

"ನೂರಾ ಎಂಟು ಆತು. ಇನ್ನ ನೀ ಹೋಗು."